ಹಕ್ಕಿ ಆಮೇಲೆ, ಮೊದಲು ನೆಲ

ಕಿರಣಾ, ನೀನು ರಾತ್ರಿ ಹಾಕಿದ ಮೆಸೇಜ್ ಈಗ ನೋಡ್ದೆ ಕಣೋ. ಮಹಡಿ ಮೇಲೆ ಏವಿಯರಿ (ಹಕ್ಕಿ ಹಾರಾಡೋಷ್ಟು ದೊಡ್ಡ ಪಂಜರ) ಕಟ್ಟಿಸ್ತೀನಿ, ಒಂದು ಜೋಡಿ ರೇನ್‌ಬೋ ಲೋರಿಕೀಟ್ (ಮಕರಂದ ಕುಡಿಯೋ ಆಸ್ಟ್ರೇಲಿಯಾದ ಬಣ್ಣದ ಗಿಳಿ, ಚಿಕ್ಕದಾಗಿ ಲೋರಿ) ತರ್ತೀನಿ, ಸಕ್ಕರೆ ನೀರಿಟ್ಟು ಹಣ್ಣು ಹಾಕಿದ್ರೆ ಸಾಕಾ, ವಾರಕ್ಕೊಂದ್ಸಲ ತೊಳೆದ್ರೆ ಆಗುತ್ತಾ ಅಂತ ಕೇಳಿದೀಯ. ಅದರ ಕೆಳಗೆ ಅತ್ತಿಗೆ ಜೇನುತುಪ್ಪ ಕೊಡು ಅಂದಿದ್ದಾರೆ, ದೊಡ್ಡಣ್ಣ ಒಂದು ಹಮ್ಮಿಂಗ್‌ಬರ್ಡ್ ವಿಡಿಯೋ ಹಾಕಿ ಇದೇ ಥರ ಮಾಡು ಅಂದಿದ್ದಾನೆ. ನಂಗೆ ಇಷ್ಟೆಲ್ಲ ಟೈಪ್ ಮಾಡೋಕಾಗಲ್ಲ, ಬಾಯಲ್ಲೇ ಹೇಳಿಬಿಡ್ತೀನಿ. ಉದ್ದ ಆಗುತ್ತೆ, ಬೇಡ ಅನ್ನೋರು ಮುಂದಕ್ಕೆ ಹೋಗಿ.

ಮೊದಲು ನಿನ್ನ ಎರಡನೇ ಪ್ರಶ್ನೆ. ವಾರಕ್ಕೊಂದ್ಸಲ ಆಗಲ್ಲ. ದಿನಾ ತೊಳೀಬೇಕು. ಗಿಳಿ ಸಾಕಿದ ಅಭ್ಯಾಸ ಇಟ್ಕೊಂಡು ಲೋರಿ ಸಾಕೋಕೆ ಬರಬೇಡ. ಕಾಳು ತಿನ್ನೋ ಗಿಳಿ ಹಿಕ್ಕೆ ಒಣಗಿ ಕೆಳಗೆ ಬೀಳುತ್ತೆ, ಪೇಪರ್ ಎತ್ತಿ ಹಾಕಿದ್ರೆ ಮುಗೀತು. ಲೋರಿ ಕುಡಿಯೋದೇ ನೀರುನೀರು, ಬಿಡೋದೂ ನೀರುನೀರು. ಅದೂ ನೇರ ಕೆಳಗೆ ಬಿಡಲ್ಲ, ಬಾಲ ಎತ್ತಿ ಹಿಂದಕ್ಕೆ ಚಿಮ್ಮಿಸುತ್ತೆ. ಒಂದೊಂದ್ಸಲ ಒಂದು ಮೀಟರ್ ದೂರದ ಗೋಡೆಗೂ ಹೋಗಿ ಬೀಳುತ್ತೆ. ಅದರಲ್ಲಿ ಸಕ್ಕರೆ ಅಂಶ ಉಳಿದಿರುತ್ತೆ, ಅಂಟುತ್ತೆ, ಇರುವೆ ಬರುತ್ತೆ, ನೊಣ ಬರುತ್ತೆ, ಬೂಸ್ಟು ಹಿಡಿಯುತ್ತೆ. ಅದಕ್ಕೇ ನಾನು ಹೇಳೋದು, ಯಾವ ಬಣ್ಣದ ಹಕ್ಕಿ ತರ್ಲಿ ಅಂತ ಯೋಚನೆ ಮಾಡೋ ಮೊದಲು ನೆಲ ಹೇಗಿರುತ್ತೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ, ಅದನ್ನ ಗಟ್ಟಿ ಮಾಡ್ಕೋ. ಲೋರಿಗೆ ಏವಿಯರಿ ಕಟ್ಟೋದು ಅಂದ್ರೆ ಬಚ್ಚಲುಮನೆ ಕಟ್ಟಿದ ಹಾಗೇನೇ. ನೆಲ ಸಿಮೆಂಟಿಂದು, ನುಣ್ಣಗಿರಬೇಕು, ಒಂದು ಮೂಲೆಗೆ ಇಳಿಜಾರು, ಅಲ್ಲಿ ಜಾಲರಿ ಹಾಕಿದ ತೂಬು. ಹಿಂದಿನ ಗೋಡೆಗೆ ಟೈಲ್ಸ್ ಹಾಕಿಸು, ಇಲ್ಲಾಂದ್ರೆ ಬಿಚ್ಚಿ ತೊಳೆಯೋಕಾಗೋ ಪ್ಲಾಸ್ಟಿಕ್ ಶೀಟ್. ಬರೀ ಸುಣ್ಣ ಬಳಿದ ಗೋಡೆ ಬೇಡ, ಆ ಕೊಳೆ ಒಳಗೇ ಹೀರ್ಕೊಂಡು ನಾರುತ್ತೆ. ಮಣ್ಣಿನ ನೆಲ, ಮರಳು, ಹುಲ್ಲು, ನೋಡೋಕೆ ಚೆಂದ. ಈ ಹಕ್ಕಿಗೆ ಬೇಡವೇ ಬೇಡ.

ಇನ್ನೊಂದು ದಾರಿ ಇದೆ. ಎಷ್ಟೋ ಜನ ಬ್ರೀಡರ್‌ಗಳು ತೂಗುಪಂಜರ ಮಾಡ್ತಾರೆ. ಪಂಜರದ ತಳಾನೂ ಮೆಶ್ಶೇ, ಅದನ್ನ ಸೊಂಟದೆತ್ತರದಲ್ಲಿ ನಿಲ್ಲಿಸಿರ್ತಾರೆ. ಹಿಕ್ಕೆ, ಹಣ್ಣಿನ ಚೂರು ಎಲ್ಲ ಕೆಳಗೆ ಬೀಳುತ್ತೆ, ಹಕ್ಕಿ ಅದನ್ನ ಮುಟ್ಟೋಕಾಗಲ್ಲ. ಕೆಳಗೆ ಪೈಪ್ ಹಿಡಿದು ತೊಳೆದ್ರಾಯ್ತು. ನೀನು ಒಳಗೆ ಹೋಗಿ ಕೂತ್ಕೋಬೇಕು ಅಂತಿದ್ರೆ ಇದು ಆಗಲ್ಲ. ಆದ್ರೆ ಕೆಲಸಕ್ಕೆ ಹೋಗೋನು ನೀನು, ಬೆಳಿಗ್ಗೆ ಅವಸರ ನಿಂಗೆ. ನನ್ನ ಕೇಳಿದ್ರೆ ನಿಂಗೆ ಇದೇ ಸರಿ. ಯಾವುದೇ ಮಾಡು, ಉದ್ದ ಜಾಸ್ತಿ ಇರ್ಲಿ, ಎತ್ತರಕ್ಕಿಂತ ಉದ್ದ ಮುಖ್ಯ. ಇದು ಹಾರೋ ಹಕ್ಕಿ. ಮೂರು ಮೀಟರ್ ಉದ್ದ ಸಿಕ್ಕಿದ್ರೆ ಒಂದು ಜೋಡಿಗೆ ಚೆನ್ನಾಗಾಗುತ್ತೆ.

ಮೆಶ್ ವಿಷಯ. ಹೊಸ ಗ್ಯಾಲ್ವನೈಸ್ಡ್ ಮೆಶ್ ಮೇಲೆ ಸತು ಬಿಳೀ ಪುಡಿ ಥರ, ಗಂಟುಗಂಟಾಗಿ ಕೂತಿರುತ್ತೆ. ಹಕ್ಕಿಗಳು ಕೊಕ್ಕಲ್ಲಿ ಮೆಶ್ ಹಿಡಿದು ಹತ್ತೋದು, ಕಚ್ಚೋದು ಇದ್ದಿದ್ದೇ, ಅದು ಹೊಟ್ಟೆಗೆ ಹೋದ್ರೆ ವಿಷ. ವಿನೆಗರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ತೊಳೆದು, ಕೆಲವು ವಾರ ಗಾಳಿಮಳೆಗೆ ಬಿಟ್ಟು ಆಮೇಲೆ ಹಾಕು. ಸ್ಟೇನ್‌ಲೆಸ್ ಸ್ಟೀಲ್ ಹಾಕೋ ಶಕ್ತಿ ಇದ್ರೆ ಆ ಚಿಂತೇನೇ ಇಲ್ಲ. ಕಣ್ಣು ಅರ್ಧ ಇಂಚಿಗಿಂತ ದೊಡ್ಡದು ಬೇಡ, ಇಲಿ ನುಗ್ಗುತ್ತೆ. ಬಾಗಿಲು ಎರಡಿರಬೇಕು, ಒಂದು ಹಾಕಿದ್ಮೇಲೇ ಇನ್ನೊಂದು ತೆಗೆಯೋ ಥರ. ಲೋರಿ ಸಂದಿ ಸಿಕ್ಕಿದ್ರೆ ಬಾಣ ಬಿಟ್ಟಂಗೆ ಹೋಗುತ್ತೆ. ಹೋದ್ರೆ ನಿಂಗೊಬ್ಬನಿಗೇ ನಷ್ಟ ಅಂತ ಅಲ್ಲ. ಆಸ್ಟ್ರೇಲಿಯಾದಲ್ಲೇ, ಪರ್ತ್ ಊರಿನ ಕಡೆ ಈ ಹಕ್ಕಿ ಮೊದಲು ಇರ್ಲಿಲ್ಲ. 1960ರ ದಶಕದಲ್ಲಿ ತಪ್ಪಿಸ್ಕೊಂಡಿದ್ದೋ ಯಾರೋ ಬಿಟ್ಟಿದ್ದೋ ಕೆಲವು ಹಕ್ಕಿ ಹೆಚ್ಚಿ ಹೆಚ್ಚಿ, ಈಗ ಅಲ್ಲಿನ ಹಕ್ಕಿಗಳ ಮರದ ಪೊಟರೆ ಕಿತ್ಕೊಳ್ಳುತ್ತೆ, ಹಣ್ಣಿನ ತೋಟ ಹಾಳು ಮಾಡುತ್ತೆ ಅಂತ ಅದನ್ನ ಪೀಡೆ ಅಂತಲೇ ಲೆಕ್ಕ ಹಾಕ್ತಾರೆ.

ಸರಿ, ಈಗ ಊಟ. ದೊಡ್ಡಣ್ಣಾ, ನೀನು ಹಾಕಿದ ವಿಡಿಯೋ ನೋಡ್ದೆ. ನಾಲ್ಕು ಪಾಲು ನೀರಿಗೆ ಒಂದು ಪಾಲು ಸಕ್ಕರೆ, ಅದು ಸರಿಯಾದ ಲೆಕ್ಕಾನೇ. ಆದ್ರೆ ಅಮೆರಿಕ ಖಂಡಗಳಲ್ಲಿ ತೋಟಕ್ಕೆ ತಾನಾಗಿ ಹಾರಿ ಬರೋ ಹಮ್ಮಿಂಗ್‌ಬರ್ಡ್‌ಗೆ ಅದು. ಆ ಹಕ್ಕಿ ಇಲ್ಲೊಂದು ಗುಟುಕು ಕುಡಿದು ಹೋಗಿ ದಿನವೆಲ್ಲ ನುಸಿ, ಜೇಡ, ಸಣ್ಣ ಹುಳ ಹಿಡಿದು ತಿನ್ನುತ್ತೆ, ಪ್ರೋಟೀನ್ ಅಲ್ಲಿಂದ ಬರುತ್ತೆ. ಇವನ ಪಂಜರದಲ್ಲಿರೋ ಹಕ್ಕಿಗೆ ಎಲ್ಲಿ ಹೋಗೋಕಾಗುತ್ತೆ? ಇವನು ಕೊಟ್ಟಿದ್ದೇ ಅದಕ್ಕೆ ಪ್ರಪಂಚ. ಬರೀ ಸಕ್ಕರೆ ನೀರು ಕುಡಿದ ಲೋರಿ ಕೆಲವು ದಿನ ಚುರುಕಾಗೇ ಇರುತ್ತೆ, ಮೈಯಲ್ಲಿ ಮಾಂಸ ಕರಗ್ತಿರೋದು ಗರಿ ಒಳಗಿಂದ ಕಾಣಲ್ಲ.

ಲೋರಿ ನಾಲಿಗೆ ತುದೀಲಿ ಕುಂಚದ ಥರ ಎಳೆಗಳಿರುತ್ತೆ, ಆಕಳಿಸುವಾಗ ಗಮನಿಸಿದ್ರೆ ಕಾಣುತ್ತೆ. ಅದು ಇರೋದು ಮಕರಂದ ಹೀರೋಕೆ ಮಾತ್ರ ಅಲ್ಲ, ಪರಾಗ ಒರೆಸಿ ತೆಗೆಯೋಕೂ. ಮಕರಂದದಿಂದ ಶಕ್ತಿ, ಪರಾಗದಿಂದ ಪ್ರೋಟೀನ್. ಎರಡೂ ಬೇಕು. ಕಾಳು ಒಡೆದು ಅರೆಯೋಕೆ ಬೇರೆ ಗಿಳಿಗಳಿಗಿರೋ ಹಾಗೆ ಗಟ್ಟಿ ಜಠರ ಇವಕ್ಕಿಲ್ಲ, ತೆಳು ಗೋಡೆ. ಒಂದೆರಡು ಕಾಳು ಕಚ್ಚಿದ್ರೆ ಏನೂ ಆಗಲ್ಲ, ಅದನ್ನೇ ಊಟ ಮಾಡಿದ್ರೆ ಬಾಳಲ್ಲ. ಆದ್ದರಿಂದ ಲೋರಿಗೆ ಅಂತಲೇ ಮಾಡಿರೋ ಪುಡಿ ತಗೋ. ಅದರಲ್ಲಿ ಎರಡು ಥರ. ಒಂದು ನೀರಲ್ಲಿ ಕಲಸಿ ಕುಡಿಸೋದು, ಇನ್ನೊಂದು ಒಣದು, ಹಾಗೇ ನೆಕ್ಕೋದು. ನಾನು ಬೆಳಿಗ್ಗೆ ಮತ್ತು ಮಧ್ಯಾಹ್ನದ ಮೇಲೆ ಕಲಸಿದ್ದು ಕೊಡ್ತೀನಿ, ನಡುವೆ ಒಣಪುಡಿ, ಪಕ್ಕದಲ್ಲೇ ನೀರು. ನೀನು ಮನೇಲಿಲ್ದೇ ಇರೋ ಹೊತ್ತಿಗೆ ಒಣದೇ ಕ್ಷೇಮ, ಹುಳಿಯಲ್ಲ.

ಹುಳಿಯೋದು, ಇಲ್ಲೇ ಇರೋದು ಎಲ್ಲಾ. ಕಲಸಿಟ್ಟ ಮಕರಂದ ಬೆಚ್ಚಗಿನ ದಿನ ನಾಲ್ಕು ಗಂಟೆಗಿಂತ ಹೆಚ್ಚು ಇಡಬೇಡ. ಬಿಸಿಲು ಜೋರಿದ್ರೆ ಇನ್ನೂ ಬೇಗ ತೆಗಿ. ಉಳಿದಿದ್ದನ್ನ ಚೆಲ್ಲು, ಫ್ರಿಜ್‌ನಲ್ಲಿಟ್ಟು ಸಂಜೆ ಮತ್ತೆ ಇಡಬೇಡ, ಹಕ್ಕಿ ಬಾಯಿ ಹಾಕಿರೋದು ಅದು. ಚೆಲ್ಲೋಕೆ ಸಂಕಟ ಆದ್ರೆ ಕಡಿಮೆ ಕಲಸು. ಹುಳಿತ ಬಟ್ಟಲಿಂದ ಬರೋ ಮೊದಲ ಕಾಯಿಲೆ ಕ್ಯಾಂಡಿಡಾ, ಯೀಸ್ಟ್ ಸೋಂಕು. ಬಾಯೊಳಗೆ ಬಿಳೀ ಪೊರೆ, ಉಸಿರಲ್ಲಿ ಹುಳಿ ವಾಸನೆ, ತಿಂದಿದ್ದು ಕಕ್ಕೋದು. ಅದಕ್ಕಿಂತ ಕೆಟ್ಟದ್ದು ಕ್ಲಾಸ್ಟ್ರಿಡಿಯಂ ಅನ್ನೋ ಬ್ಯಾಕ್ಟೀರಿಯಾ, ಕರುಳನ್ನೇ ಕೊಳೆಸುತ್ತೆ, ಬೆಳಿಗ್ಗೆ ಆಡ್ಕೊಂಡಿದ್ದ ಹಕ್ಕಿ ಸಂಜೆ ಇರಲ್ಲ. ಬಟ್ಟಲು ಸ್ಟೀಲಿಂದು, ಎರಡು ಸೆಟ್. ಒಂದು ಒಳಗಿದ್ದಾಗ ಇನ್ನೊಂದು ತೊಳೆದು ಒಣಗ್ತಿರ್ಲಿ. ಬಿಸಿನೀರು, ಸೋಪು, ಬ್ರಷ್, ಚೆನ್ನಾಗಿ ಜಾಲಿಸೋದು. ಗೀರು ಬಿದ್ದ ಪ್ಲಾಸ್ಟಿಕ್ ಎಸಿ. ಉದ್ದನೆ ಕೊಳವೆ ಥರ ಫೀಡರ್ ಬರುತ್ತಲ್ಲ, ನೋಡೋಕೆ ಸೊಗಸು, ಅದರ ಕತ್ತಿನೊಳಗೆ ನಿನ್ನ ಬೆರಳೂ ಹೋಗಲ್ಲ ಬ್ರಷ್ಷೂ ಹೋಗಲ್ಲ. ತರಬೇಡ.

ಅತ್ತಿಗೆ, ಜೇನುತುಪ್ಪದ ಮಾತು ನೀವೊಬ್ರೇ ಅಲ್ಲ, ಎಲ್ರೂ ಹೇಳ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಂಬಿನ್‌ನಲ್ಲಿ 1947ರಲ್ಲಿ ಅಲೆಕ್ಸ್ ಗ್ರಿಫಿತ್ಸ್ ಅನ್ನೋರು ತಮ್ಮ ಹೂತೋಟ ಹಾಳು ಮಾಡ್ತಿದ್ದ ಲೋರಿಕೀಟ್‌ಗಳ ಗಮನ ತಪ್ಪಿಸೋಕೆ ಬ್ರೆಡ್ಡಿಗೆ ಜೇನು ಹಚ್ಚಿ ಇಡೋಕೆ ಶುರು ಮಾಡಿದ್ರಂತೆ. ಅದೇ ಜಾಗ ಆಮೇಲೆ ದೊಡ್ಡ ಪ್ರಾಣಿಧಾಮ ಆಯ್ತು. ಅವು ಕಾಡಿನ ಹಕ್ಕಿ, ಇಲ್ಲಿ ಸ್ವಲ್ಪ ತಿಂದು ಮಿಕ್ಕಿದ್ದು ಮರದಲ್ಲಿ ಹುಡುಕ್ಕೊಳ್ತಿದ್ವು. ಜೇನು ಗಟ್ಟಿಯಾಗಿದ್ದಾಗ ಕೆಡಲ್ಲ ನಿಜ, ನೀರು ಬೆರೆಸಿದ್ರೆ ಹುಳಿಯೋಕೆ ಶುರು. ಹಸಿ ಜೇನಲ್ಲಿ ಬ್ಯಾಕ್ಟೀರಿಯಾ ಬೀಜಾಣುಗಳೂ ಇರಬಹುದು. ಪರಾಗದ ಕೆಲಸ ಅಂತೂ ಅದು ಮಾಡಲ್ಲ. ಅದಕ್ಕೆ ಬೇಡ ಅಂದೆ, ಬೇಜಾರು ಮಾಡ್ಕೋಬೇಡಿ.

ಕಿರಣಾ, ಇನ್ನೊಂದು ಮುಖ್ಯ ವಿಷಯ, ಇದನ್ನ ಮಾರೋರು ಹೇಳಲ್ಲ. ಲೋರಿಗಳಿಗೆ ಕಬ್ಬಿಣದಂಶ ಲಿವರ್‌ನಲ್ಲಿ ಕೂತು ಕೂತು ಕಾಯಿಲೆ ಬರುತ್ತೆ. ಮೈನಾ, ಟೂಕನ್ ಇವಕ್ಕೂ ಬರುತ್ತೆ. ಮಕರಂದದಲ್ಲಿ ಕಬ್ಬಿಣ ತೀರಾ ಕಡಿಮೆ, ಆ ಊಟಕ್ಕೆ ಒಗ್ಗಿದ ಮೈ ಅದು, ಸಿಕ್ಕಿದ್ದನ್ನೆಲ್ಲ ಹಿಡಿದಿಟ್ಕೊಳ್ಳುತ್ತೆ. ಈಗ ನೋಡು, ಜನ ಮನೇಲೇ ಮಕರಂದ ಮಾಡ್ತೀವಿ ಅಂತ ಮಕ್ಕಳಿಗೆ ತಿನ್ನಿಸೋ ಸೀರಿಯಲ್ ಪುಡಿ ಕಲಸ್ತಾರೆ. ಮಗುವಿಗೆ ರಕ್ತ ಆಗ್ಲಿ ಅಂತಲೇ ಅದಕ್ಕೆ ಕಬ್ಬಿಣ ಸೇರಿಸಿರ್ತಾರೆ! ಪುಡಿ ತಗೊಳ್ಳುವಾಗ ಡಬ್ಬಿ ಹಿಂದೆ ಓದು, ಕಬ್ಬಿಣ ಒಂದು ಕಿಲೋಗೆ 100 ಮಿಲಿಗ್ರಾಂ ಒಳಗಿರಬೇಕು, ಕಡಿಮೆ ಇದ್ದಷ್ಟೂ ಒಳ್ಳೇದು. ಕಿತ್ತಳೆ, ಮೂಸಂಬಿ ಥರದ್ದನ್ನ ಊಟದ ಜೊತೆ ಕೊಡಬೇಡ, ವಿಟಮಿನ್ ಸಿ ಕಬ್ಬಿಣವನ್ನ ಇನ್ನೂ ಜಾಸ್ತಿ ಹೀರೋ ಹಾಗೆ ಮಾಡುತ್ತೆ. ಒಣದ್ರಾಕ್ಷಿ ಬೇಡ. ಪುಡಿಯಲ್ಲೇ ವಿಟಮಿನ್ ಇರುತ್ತೆ, ಮೇಲೆ ಇನ್ನೊಂದು ಡ್ರಾಪ್ಸ್ ಹಾಕೋ ಉಪಕಾರ ಮಾಡಬೇಡ.

ಹಣ್ಣಲ್ಲಿ ಸೇಬು (ಬೀಜ ತೆಗೆದು), ಪೇರ್, ಪರಂಗಿ, ಅಂಜೂರ ಎಲ್ಲ ಸರಿ. ಬೆಣ್ಣೆಹಣ್ಣು ಮಾತ್ರ ವಿಷ, ಚಾಕೊಲೇಟು, ಕಾಫಿ, ಟೀ, ಈರುಳ್ಳಿ ಕೂಡ. ಹೂವು ಕೊಡು, ಅದನ್ನ ಕಿತ್ತು ಹರಿದು ನೆಕ್ಕೋದು ನೋಡಬೇಕು, ತಲೆಕೆಳಗಾಗಿ ನೇತಾಡ್ಕೊಂಡು ಒಂದು ಕಾಲಲ್ಲಿ ಹೂ ಹಿಡ್ಕೊಂಡಿರುತ್ತೆ. ದಾಸವಾಳ, ಬಾಟಲ್ ಬ್ರಷ್, ನೀಲಗಿರಿ ಹೂವು ಆಗುತ್ತೆ. ಔಷಧಿ ಹೊಡೆದಿರಬಾರದು, ಅಂಗಡಿ ಹೂವು ಬೇಡವೇ ಬೇಡ. ಕಣಗಿಲೆ ಗಿಡ ಮಹಡಿ ಮೇಲಿದ್ರೆ ಪಂಜರದ ಹತ್ರ ಇಡಬೇಡ.

ಇರುವೆ ಬಗ್ಗೆ ಕೇಳಿರ್ಲಿಲ್ಲ, ಕೇಳೇ ಕೇಳ್ತೀಯ. ಬಟ್ಟಲನ್ನ ನೇತುಹಾಕಿ ಮೇಲಿನ ಕೊಕ್ಕೆಗೆ ನೀರು ತುಂಬಿದ ಸಣ್ಣ ಕಪ್ ಸಿಗಿಸು, ಇರುವೆ ಅದನ್ನ ದಾಟಲ್ಲ. ಸ್ಪ್ರೇ ಹೊಡೀಬೇಡ. ಹಾಗೇ ಅಡುಗೆಮನೆ ಕಿಟಕಿ ಪಂಜರದ ಕಡೆ ತೆಗೆಯುತ್ತೆ ಅಂದ್ರೆ ನಾನ್‌ಸ್ಟಿಕ್ ಬಾಣಲೆ ಖಾಲಿ ಕಾಯೋಕೆ ಬಿಡಬೇಡಿ, ಆ ಹೊಗೆ ಹಕ್ಕಿ ಶ್ವಾಸಕೋಶಕ್ಕೆ ಹೋದ್ರೆ ನಿಮಿಷಗಳ ಆಟ.

ಜೊತೆಗೆ ಫಿಂಚ್‌ಗಳನ್ನೂ (ಕಾಳು ತಿನ್ನೋ ಪುಟ್ಟ ಹಕ್ಕಿ) ಬಿಡ್ತೀನಿ ಅಂದಿದೀಯ. ಬೇಡ. ಲೋರಿ ಜಗಳಗಂಟ, ಮೊಟ್ಟೆ ಇಡೋ ಕಾಲದಲ್ಲಂತೂ ಪಕ್ಕದ ಹಕ್ಕೀನ ಕೊಂದೇ ಹಾಕುತ್ತೆ. ಒಂದು ಜೋಡಿ, ಒಂದು ಪಂಜರ. ಆ ಜೋಡೀಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ನೋಡಿ ಹೇಳೋಕಾಗಲ್ಲ, ಎರಡೂ ಒಂದೇ ಥರ. ಗರಿ ಕೊಟ್ಟು ಡಿಎನ್‌ಎ ಟೆಸ್ಟ್ ಮಾಡಿಸಿರೋದು ಕೇಳು. ಮಲಗೋಕೆ ಮರದ ಗೂಡುಪೆಟ್ಟಿಗೆ ವರ್ಷವೆಲ್ಲ ಇರ್ಲಿ, ತಳಕ್ಕೆ ಸಣ್ಣ ತೂತು ಕೊರೆದು ಮರದ ಹೊಟ್ಟು ದಪ್ಪಗೆ ಹಾಕು, ಒದ್ದೆಯಾದ ಹಾಗೆ ಬದಲಾಯಿಸು. ಮೊಟ್ಟೆ ಸಾಮಾನ್ಯವಾಗಿ ಎರಡು, ಸುಮಾರು 25 ದಿನಕ್ಕೆ ಮರಿ. ಆ ಕಥೆ ಬಂದಾಗ ನೋಡೋಣ.

ಕಾಯಿಲೆ ಗೊತ್ತಾಗೋದು ಹೇಗೆ ಅಂದ್ರೆ ತಕ್ಕಡಿ. ಗ್ರಾಂ ತೋರಿಸೋ ಅಡುಗೆಮನೆ ತಕ್ಕಡಿ ಮೇಲೆ ಒಂದು ಕೋಲು ಕಟ್ಟಿ, ವಾರಕ್ಕೊಂದ್ಸಲ ಕೂರಿಸಿ ಬರೆದಿಡು. ಹಕ್ಕಿ ಹುಷಾರಿಲ್ಲ ಅಂತ ತೋರಿಸ್ಕೊಳ್ಳಲ್ಲ, ತೂಕ ಸುಳ್ಳು ಹೇಳಲ್ಲ. ಹತ್ತರಲ್ಲಿ ಒಂದು ಪಾಲು ಇಳಿದ್ರೆ ಅವತ್ತೇ ಹಕ್ಕಿ ಡಾಕ್ಟರ ಹತ್ರ. ಹೊಸ ಹಕ್ಕಿ ತಂದ್ರೆ ಒಂದೂವರೆ ತಿಂಗಳು ಬೇರೆ ಕೋಣೇಲಿ, ಕೊಕ್ಕು-ಗರಿ ರೋಗದ ವೈರಸ್ ಟೆಸ್ಟ್ ಮಾಡಿಸಿದ್ಮೇಲೇ ಜೊತೆಗೆ.

ಕಾಗದಪತ್ರ ಮರೀಬೇಡ. ರೇನ್‌ಬೋ ಲೋರಿಕೀಟ್ ಸೈಟಿಸ್ (ಕಾಡುಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸೋ) ಒಪ್ಪಂದದ ಎರಡನೇ ಪಟ್ಟೀಲಿದೆ. ಆಸ್ಟ್ರೇಲಿಯಾ ತನ್ನ ಕಾಡುಹಕ್ಕಿಗಳನ್ನ ವ್ಯಾಪಾರಕ್ಕೆ ಹೊರಗೆ ಕಳಿಸಲ್ಲ, ಹಾಗಾಗಿ "ನೇರ ಆಸ್ಟ್ರೇಲಿಯಾದಿಂದ ತರಿಸಿದ್ದು" ಅಂತ ಯಾರಾದ್ರೂ ಜಂಬ ಕೊಚ್ಚಿದ್ರೆ ಅಲ್ಲಿಂದ ಎದ್ದು ಬಾ. ಪಂಜರದಲ್ಲೇ ಹುಟ್ಟಿದ, ಕಾಲಿಗೆ ಮುಚ್ಚಿದ ರಿಂಗ್ (ಮರಿಯಾಗಿದ್ದಾಗಲೇ ತೊಡಿಸೋ, ಸೀಳಿಲ್ಲದ ಬಳೆ) ಇರೋ, ಬಿಲ್ ಇರೋ ಹಕ್ಕಿ ತಗೋ. ಇದು ಇಪ್ಪತ್ತು ವರ್ಷ ದಾಟಿ ಬದುಕೋ ಹಕ್ಕಿ ಅಂತಾನೂ ನೆನಪಿರ್ಲಿ, ನಿನ್ನ ಮದುವೆ, ವರ್ಗಾವಣೆ ಎಲ್ಲಾ ಅದರೊಳಗೆ ಬರುತ್ತೆ. ನೀನು ಊರಲ್ಲಿಲ್ದಾಗ ಬೆಳಿಗ್ಗೆ ಎದ್ದು ಬಟ್ಟಲು ತೊಳೆಯೋರು ಯಾರು ಅಂತ ಅತ್ತಿಗೆ ಹತ್ರ ಈಗ್ಲೇ ಮಾತಾಡ್ಕೋ. ಹಸಿದು ಕೂರೋಕೆ ಬರಲ್ಲ ಇದಕ್ಕೆ, ಒಂದು ಹೊತ್ತು ತಪ್ಪಿದ್ರೂ ಕಷ್ಟ.

ಹಾಂ, ಒಂದು ಬಿಟ್ಟೆ. ತಗೊಳ್ಳುವಾಗ ಅಲ್ಲಿ ಈಗ ಏನು ತಿನ್ನಿಸ್ತಿದ್ದಾರೆ ಅಂತ ಕೇಳಿ, ಅದೇ ಪುಡೀನ ಎರಡು ವಾರಕ್ಕಾಗೋಷ್ಟು ಜೊತೇಲೇ ತಗೊಂಡ್ ಬಾ. ಹೊಸ ಜಾಗ, ಹೊಸ ಊಟ ಎರಡೂ ಒಟ್ಟಿಗೆ ಆದ್ರೆ ಬಾಯೇ ಹಾಕಲ್ಲ. ದಿನಾ ಸ್ವಲ್ಪ ಸ್ವಲ್ಪ ಹೊಸದನ್ನ ಬೆರೆಸ್ತಾ ಬದಲಾಯಿಸು. ಪುಡಿ ಹೆಸರು ಗೊತ್ತಾದ್ರೆ ಡಬ್ಬಿ ಹಿಂದಿನ ಫೋಟೋ ಇಲ್ಲೇ ಹಾಕು, ಕಬ್ಬಿಣ ಎಷ್ಟಿದೆ ನೋಡಿ ಹೇಳ್ತೀನಿ.