ಗ್ರಾಫೀನ್‌ನ ಇಎಸ್‌ಆರ್ ಗ್ರಾಫಿನಲ್ಲಿ ದಿಬ್ಬ: ಮಾಡಿ ನೋಡಿದವರು ಹೇಳಿ

ಕೇಳಿದ್ದು (ಬಳ್ಳಾರಿ, ಪಿಎಚ್‌ಡಿ ಎರಡನೇ ವರ್ಷ):
ಎಲ್ಲರಿಗೂ ನಮಸ್ಕಾರ. ಹಮ್ಮರ್ಸ್ ವಿಧಾನದಲ್ಲಿ (ಗ್ರಾಫೈಟ್‌ಗೆ ಆಸಿಡ್, ಪರ್ಮಾಂಗನೇಟ್ ಹಾಕಿ) ಗ್ರಾಫೀನ್ ಆಕ್ಸೈಡ್ ಮಾಡಿ, ರೆಡ್ಯೂಸ್ ಮಾಡಿ (ಆಕ್ಸಿಜನ್ ತೆಗೆದು ಗ್ರಾಫೀನ್, ಅಂದ್ರೆ ಒಂದು ಪರಮಾಣು ದಪ್ಪದ ಕಾರ್ಬನ್ ಹಾಳೆ, ಮಾಡೋದು), ಇಎಸ್‌ಆರ್‌ಗೆ ಹೊರಗಡೆ ಕಳಿಸಿದ್ದೆ. (ಇಎಸ್‌ಆರ್ ಅಂದ ಕೂಡಲೇ ಅಮ್ಮ "ಯಾರಿಗೆ ಹುಷಾರಿಲ್ಲ?" ಅಂದ್ರು. ರಕ್ತದ್ದಲ್ಲಮ್ಮ, ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್, ಮ್ಯಾಗ್ನೆಟ್ ನಡುವೆ ಇಟ್ಟು ಮೈಕ್ರೋವೇವ್ ಬಿಟ್ಟು ಒಂಟಿ ಎಲೆಕ್ಟ್ರಾನ್ ಹುಡುಕೋ ಪರೀಕ್ಷೆ.) ಜಿ (ಗೆರೆ ಯಾವುದರದ್ದು ಅಂತ ಗುರುತಿಸೋ ಸಂಖ್ಯೆ) 2.003 ಹತ್ತಿರ ಒಂದು ಚೂಪು ಗೆರೆ ಬಂದಿದೆ, ಅದರ ಆಚೀಚೆ ಆರು ಸಣ್ಣ ಗೆರೆ, ಎಲ್ಲದರ ಕೆಳಗೆ ಸಾವಿರ ಗಾಸ್‌ಗೂ (ಗಾಸ್ ಅಂದ್ರೆ ಕಾಂತಕ್ಷೇತ್ರದ ಅಳತೆ) ಹೆಚ್ಚು ಅಗಲದ ದಿಬ್ಬ. ದಿಬ್ಬ ನೋಡಿ ಗೈಡ್ ಸರ್‌ಗೆ ಖುಷಿಯೋ ಖುಷಿ. "ಫೆರೋಮ್ಯಾಗ್ನೆಟಿಸಂ (ಕಬ್ಬಿಣದ ಥರದ ಕಾಂತಗುಣ) ಸಿಕ್ತು, ಪೇಪರ್ ಬರಿ" ಅಂತಿದ್ದಾರೆ. ನನಗ್ಯಾಕೋ ಧೈರ್ಯ ಸಾಲ್ತಿಲ್ಲ.

ಸಂಡೂರಿನವ:
ಧೈರ್ಯ ಸಾಲದೇ ಇದ್ದದ್ದೇ ಒಳ್ಳೇದಾಯ್ತು ತಂಗಿ. ಅದೇ ದಿಬ್ಬ ಹತ್ತಿ ಬಿದ್ದವನು ನಾನು. ಎರಡು ತಿಂಗಳು ಅದಕ್ಕೆ ಕರ್ವ್ ಫಿಟ್ ಮಾಡ್ತಾ ಕೂತಿದ್ದೆ. ಒಂದಿನ ಬೆಳಿಗ್ಗೆ, ಕಿಟಕಿ ಪಕ್ಕ ಒಣಗೋಕೆ ಇಟ್ಟಿದ್ದ ಪೆಟ್ರಿ ಡಿಶ್ ಎತ್ತಿದೆ. ಡಿಶ್ ಇದ್ದ ಜಾಗದಲ್ಲಿ ಗ್ರಾನೈಟ್ ಕಟ್ಟೆ ದುಂಡಗೆ ಕಪ್ಪಗಿತ್ತು, ಸುತ್ತ ಎಲ್ಲ ಕುಂಕುಮ ಉದುರಿಸಿದ ಹಾಗೆ ಕೆಂಪು. ಅದಿರು ಲಾರಿ ಓಡಾಡೋ ರಸ್ತೆ, ಮೇಲೆ ಫ್ಯಾನು, ಡಿಶ್‌ಗೆ ಮುಚ್ಚಳ ಇಲ್ಲ. ಕಟ್ಟೆ ಮೇಲೆ ಬಿದ್ದ ಕಬ್ಬಿಣ ಡಿಶ್‌ನ ಒಳಗೆ ಬೀಳಲ್ವಾ? ಕಬ್ಬಿಣದ ಆಕ್ಸೈಡಿನ ಕಣ ಚೂರೇ ಚೂರು ಸೇರಿದ್ರೂ ಸಾಕು, ಅಂಥ ಅಗಲದ ದಿಬ್ಬ ಏಳುತ್ತೆ.

ಆರು ಗೆರೆ ಮ್ಯಾಂಗನೀಸ್‌ದು. ಅದರ ನ್ಯೂಕ್ಲಿಯಸ್ಸಿನ ಸ್ಪಿನ್ 5/2, ಹಾಗಾಗಿ ಒಂದು ಗೆರೆ ಆರಾಗಿ ಒಡೆಯುತ್ತೆ. ಸುಮಾರು 90 ಗಾಸ್‌ಗೊಂದು ಇದ್ಯಾ ಅಳೆದು ನೋಡು. ನಮ್ಮ ಗುಡ್ಡದಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಇವೆ, ಆದ್ರೆ ಈ ಮ್ಯಾಂಗನೀಸಿಗೆ ನಮ್ಮೂರನ್ನ ಬೈಬೇಡ. ಅದು ನೀನೇ ಹಾಕಿದ ಪರ್ಮಾಂಗನೇಟ್‌ದು. ನೀರಲ್ಲಿ ನಾಕು ಸಲ ತೊಳೆದ್ರೆ ಹೋಗಲ್ಲ. ಮೊದಲು ತೆಳು ಹೈಡ್ರೋಕ್ಲೋರಿಕ್ ಆಸಿಡ್, ಆಮೇಲೆ ನೀರು, ಕೊನೆಗೆ ಡಯಾಲಿಸಿಸ್ ಚೀಲದಲ್ಲಿ ಒಂದು ವಾರ.

ರಾಯಚೂರಿನ ಮೇಷ್ಟ್ರು:
ಧೂಳಿನ ಮಾತು ಸರಿ. ನಾನು ಅಳತೆ ಬಗ್ಗೆ ಹೇಳ್ತೀನಮ್ಮ. ಖಾಲಿ ಟ್ಯೂಬಿನ ಗ್ರಾಫ್ ತರಿಸಿಕೊಂಡಿದ್ದೀರಾ? ಮಾಮೂಲಿ ಗಾಜಿನಲ್ಲೇ ಕಬ್ಬಿಣ ಇರುತ್ತೆ, ಜಿ 4.3 ಹತ್ತಿರ ತಲೆ ಎತ್ತುತ್ತೆ. ಕ್ವಾರ್ಟ್ಜ್ ಟ್ಯೂಬೇ ಆಗಬೇಕು. ಪುಡಿ ಕಡಿಮೆ ಹಾಕಿ. ರೆಡ್ಯೂಸ್ ಆದದ್ದು ಕರೆಂಟ್ ಹರಿಸೋ ಪದಾರ್ಥ, ಮೈಕ್ರೋವೇವನ್ನೇ ನುಂಗುತ್ತೆ. ಮೊದಲ ಸಲ 50 ಮಿ.ಗ್ರಾಂ. ಕಳಿಸಿ, ಕ್ಯಾವಿಟಿ (ಟ್ಯೂಬ್ ಇಡೋ ಮೈಕ್ರೋವೇವ್ ಡಬ್ಬಿ) ಟ್ಯೂನೇ ಆಗ್ತಿಲ್ಲ ಅಂತ ಆಪರೇಟರ್ ಕೈಲಿ ಬೈಸಿಕೊಂಡಿದ್ದೆ. ಆಮೇಲೆ 2 ಮಿ.ಗ್ರಾಂ. ಸಾಕಾಯ್ತು. ಗೆರೆ ಎಷ್ಟು ಗಾಸ್‌ನಲ್ಲಿದೆ ಅನ್ನೋದೊಂದನ್ನೇ ನಂಬಬೇಡಿ: ಜಿ 2.003ರ ಗೆರೆ 9.5 ಗಿಗಾಹರ್ಟ್ಸ್ ಮೈಕ್ರೋವೇವ್‌ಗೆ 3389ರಲ್ಲಿ, 9.4ಕ್ಕೆ 3353ರಲ್ಲಿ ಕೂರುತ್ತೆ. ಗುರುತಿಗೆ ಡಿಪಿಪಿಎಚ್ (ಜಿ ಮೊದಲೇ ಗೊತ್ತಿರೋ ಪುಡಿ) ಇಡಿಸಿ, ಅದರ ಜಿ 2.0036.

ಇಷ್ಟಾದ ಮೇಲೆ ಮುಖ್ಯ ಪರೀಕ್ಷೆ. ಅದೇ ಟ್ಯೂಬನ್ನು ಒಮ್ಮೆ ಕೋಣೆಯ ಬಿಸಿಯಲ್ಲಿ, ಒಮ್ಮೆ ದ್ರವ ಸಾರಜನಕದ 77 ಕೆಲ್ವಿನ್‌ನಲ್ಲಿ ಅಳೆಸಿ, ಎರಡು ಸಲ ಇಂಟಿಗ್ರೇಟ್ ಮಾಡಿ, ಗೆರೆಯ ಒಟ್ಟು ಬಲ ಸಿಗುತ್ತೆ. ಹಾಳೆಯ ಅಂಚಲ್ಲೋ ತೂತಿನಲ್ಲೋ ಒಂಟಿಯಾಗಿ ಸಿಕ್ಕಿಕೊಂಡ ಸ್ಪಿನ್ ಆದರೆ ಕ್ಯೂರಿ ನಿಯಮದಂತೆ (ತಣ್ಣಗಾದಷ್ಟೂ ಬಲ ಹೆಚ್ಚು) ಅದು ಹತ್ತಿರತ್ತಿರ ನಾಲ್ಕು ಪಟ್ಟಾಗುತ್ತೆ. ಲೋಹದಲ್ಲಿದ್ದಂತೆ ಓಡಾಡುವ ಎಲೆಕ್ಟ್ರಾನಿನದಾದರೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತೆ. ನಿಮ್ಮ ಗ್ರಾಫೀನ್ ಮಾತಾಡ್ತಿರೋದು ಆ ಚೂಪು ಗೆರೆಯಲ್ಲಿ, ದಿಬ್ಬದಲ್ಲಲ್ಲ. ಮೈಕ್ರೋವೇವ್ ಪವರ್ ಮಾತ್ರ ಎರಡೂ ಸಲ ಕಮ್ಮಿ ಇಡಿಸಿ. ಜಾಸ್ತಿಯಾದರೆ ತಣ್ಣಗಿದ್ದಾಗ ಗೆರೆ ಸ್ಯಾಚುರೇಟ್ ಆಗಿ ಲೆಕ್ಕ ಕೆಡುತ್ತೆ.

ಕೊಪ್ಪಳ ಕಡೆಯಿಂದ:
ಅಕ್ಕಾರ, ಎಲ್ಲಾರೂ ಧೂಳು ಧೂಳು ಅನ್ನಾಕತ್ತಾರ. ನಂದು ಬ್ಯಾರೆ ಕಥಿ ಐತ್ರಿ. ಕಿಟಕಿ ಮುಚ್ಚಿ, ಎಲ್ಲಾ ಡಬ್ಬ್ಯಾಗ ಇಟ್ಟು ಮಾಡಿದ್ರೂ ದಿಬ್ಬ ಹೋಗವಲ್ದಾಗಿತ್ತು. ಕಡೀಕ ಸಿಕ್ಕಿದ್ದು ಸ್ಟಿರ್ರರ್‌ನ ಬಿಳಿ ಗುಳಿಗಿ, ದ್ರಾವಣದಾಗ ಹಾಕಿ ತಿರಗಸೋದು. ಹಳೇದಾಗಿ ತುದ್ಯಾಗ ಟೆಫ್ಲಾನ್ ಸವದಿತ್ತು, ಉಗುರು ಗೀರಿದಷ್ಟು ಕರಿ ಗೆರಿ. ಆಸಿಡ್‌ನ್ಯಾಗ ತಾಸುಗಟ್ಟಲೆ ತಿರುಗಿದ್ರ ಒಳಗಿನ ಮ್ಯಾಗ್ನೆಟ್ ಕರಗಿ ಬರದ ಬಿಡತೈತೇನ್ರಿ? ಗುಳಿಗಿ ಹೊಸಾದು ತಗೋರಿ. ಸ್ಟೀಲ್ ಸ್ಪಾಚುಲಾ ಬ್ಯಾಡ, ಪ್ಲಾಸ್ಟಿಕ್‌ದು ಬಳಸ್ರಿ.

ಕೇಳಿದವಳೇ, ಆರು ವಾರದ ನಂತರ:
ಹೊಸ ಗುಳಿಗೆ, ಮುಚ್ಚಿದ ಡೆಸಿಕೇಟರ್, ಆಸಿಡ್ ತೊಳೆತ, ಎಲ್ಲ ಮಾಡಿದೆ. ನಮ್ಮ ಗುಳಿಗೇಲೂ ಗೀರು ಇತ್ತು, ಹಾಗಾಗಿ ತಪ್ಪು ಅದರದ್ದೋ ಧೂಳಿನದ್ದೋ ಹೇಳಕ್ಕಾಗಲ್ಲ. ದಿಬ್ಬ ಪೂರ್ತಿ ಮಾಯ. ಆರು ಗೆರೆ ಇನ್ನೂ ಮಸುಕಾಗಿ ಕಾಣ್ತವೆ. ಚೂಪು ಗೆರೆ 77 ಕೆಲ್ವಿನ್‌ಗೆ 3.7 ಪಟ್ಟಾಯ್ತು ಮೇಷ್ಟ್ರೇ. ಸರ್ ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಹಳೇ ಪುಡಿ ಇನ್ನೂ ಇದ್ಯೇನಮ್ಮ?" ಅಂದ್ರು. ಇದೆ ಅಂದೆ. ಕಬ್ಬಿಣ ಎಷ್ಟಿದೆ ಅಂತ ನೋಡೋಕೆ ಎರಡನ್ನೂ ಐಸಿಪಿ-ಎಂಎಸ್‌ಗೆ (ಚೂರೇ ಚೂರು ಲೋಹ ಇದ್ರೂ ಅಳೆಯೋ ಪರೀಕ್ಷೆ) ಕಳಿಸ್ತಿದ್ದೀವಿ.