ಸಹಾಯ ಬೇಕು: ಅಜ್ಜಿಯಿಂದ ಮರಿಮಗುವಿನವರೆಗೆ, ಯಾವ ಹಡಗು?

ಎಲ್ಲರಿಗೂ ನಮಸ್ಕಾರ. ನಾವು ಬದಿಯಡ್ಕದ ಕಡೆಯವರು. ಅಡಿಕೆ ಕೊಯ್ಲು ಮುಗಿಸಿ, ಮಳೆಗಾಲಕ್ಕೆ ಮೊದಲು ಹನ್ನೊಂದು ಮಂದಿ ಸಮುದ್ರಯಾನ ಹೊರಡಬೇಕೆಂದಿದ್ದೇವೆ. ಹಿರಿಯಳು ಎಂಬತ್ತೊಂದರ ಅಜ್ಜಿ, ಕಿರಿಯದು ಎರಡು ವರ್ಷದ ಮಗು. ಬೇಕಲದ ಕೋಟೆಯಿಂದ ಅಜ್ಜಿ ಅದೆಷ್ಟೋ ಸಲ ಕಡಲು ನೋಡಿದ್ದಾಳೆ, ಹಡಗು ಹತ್ತಿಲ್ಲ. ಈ ಯಾತ್ರೆ ಮುಖ್ಯವಾಗಿ ಅವಳಿಗಾಗಿ.

ಒಂದು ಆಯ್ಕೆ, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಎಂ.ವಿ. ಕವರತ್ತಿ. ಕಾಸರಗೋಡಿನಿಂದ ರೈಲಿನಲ್ಲಿ ಕೊಚ್ಚಿ ತಲುಪಬಹುದು, ಪಾಸ್‌ಪೋರ್ಟ್ ಬೇಡ, ಪ್ರವೇಶ ಪರವಾನಗಿ ಸಾಕು. ರಾತ್ರಿ ಹಡಗಿನಲ್ಲೇ ಮಲಗಿ ಹಗಲು ದ್ವೀಪ ನೋಡುವುದು. ನನ್ನ ಚಿಂತೆ ಇಳಿಯುವುದರದ್ದು. ಹಡಗು ಆಳದ ನೀರಿನಲ್ಲಿ ನಿಂತಾಗ ಅಲೆಗೆ ಏರಿಳಿಯುವ ಸಣ್ಣ ದೋಣಿಗೆ ಕಾಲಿಡಬೇಕಾಗುತ್ತದೆ. ನಮ್ಮ ಮನೆಯ ಎರಡು ಮೆಟ್ಟಿಲು ಇಳಿಯುವಾಗಲೇ ಅಜ್ಜಿ ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ನನ್ನ ಭುಜ ಹಿಡಿಯುತ್ತಾಳೆ.

ಇನ್ನೊಂದು, ಮುಂಬೈಯಿಂದ ಹೊರಡುವ, ಕಾರ್ಡೇಲಿಯಾ ಎಂಬ ವಿಹಾರ ಹಡಗು ಕಂಪನಿಯ ಎಂಪ್ರೆಸ್. 1990ರ ಹಡಗಾದರೂ ಲಿಫ್ಟ್, ಈಜುಕೊಳ ಎಲ್ಲ ಇವೆ. ಅಜ್ಜಿ ದಡಕ್ಕೆ ಇಳಿಯದೆ ಡೆಕ್ಕಿನಲ್ಲಿ ಕುಳಿತರೂ ದಿನ ಕಳೆದೀತು. ಸಿಂಗಾಪುರದ ದೊಡ್ಡ ಹಡಗುಗಳನ್ನು ತಮ್ಮ ಸೂಚಿಸಿದ. ವೀಸಾ, ವಿಮಾನ ಎಂದು ಅಮ್ಮ ಒಪ್ಪಲಿಲ್ಲ.

ಹಿರಿಯರನ್ನು ಕರೆದುಕೊಂಡು ಹೋದವರು ದಯವಿಟ್ಟು ತಿಳಿಸಿ: ದೋಣಿಗೆ ಇಳಿಸುವಾಗ ಸಿಬ್ಬಂದಿ ಕೈಹಿಡಿಯುತ್ತಾರೆಯೇ? ಓಲಾಟ ಕಡಿಮೆಯಿರಲೆಂದು ಕೆಳಅಂತಸ್ತಿನ ನಡುಭಾಗದ ಕೋಣೆ ಕೇಳುವುದು ಸರಿಯೇ? ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ, ಮೆತ್ತಗಿನ ಗಂಜಿ ಸಿಗುತ್ತದೆಯೇ? ಗಂಜಿ ಸಿಕ್ಕರೆ ಅಜ್ಜಿ ಎಲ್ಲಿಗಾದರೂ ಬರುತ್ತಾಳೆ.