ಶ್ರೀಶೈಲದ ಅಡವಿ ಹಾದ್ಯಾಗ ಕುಡಿಯೂ ನೀರು

ಕಾಕಾರ, ನಿಮ್ಮ ವಾಯ್ಸ್ ಕೇಳಿದ್ನಿರಿ. ಯುಗಾದಿ ಮುಂದ ಬಾಗಲಕೋಟಿಯಿಂದ ಮಲ್ಲಯ್ಯನ ಕಂಬಿ (ಹೆಗಲ ಮ್ಯಾಲೆ ಹೊರೂ ಕಾವಡಿ) ಜೋಡಿ ಶ್ರೀಶೈಲಕ್ಕ ನಡಕೋತ ಹೊಂಟೋರು ಆಂಧ್ರದ ನಲ್ಲಮಲ ಅಡವ್ಯಾಗ ಹಳ್ಳದ ನೀರು ಅರಿವ್ಯಾಗ ಸೋಸಿ ಕುಡದ್ರ ಸಾಕಲ್ಲ ಅಂದ್ರಿ. ಸಾಲೂದಿಲ್ರಿ. ಅರಿವಿ ಕಸಾ, ಹುಳಾ ತಡೀತೈತಿ. ವಾಂತಿ-ಭೇದಿ ತರೂ ಜಂತು ಬಾಳ ಸಣ್ಣವು, ಸಲೀಸ ದಾಟಿ ಬರ್ತಾವ. ಹರಿಯೂ ನೀರು ಅಂದ್ರೂ ಅಷ್ಟ, ಮ್ಯಾಲೆ ಯಾರು ತೊಳದಾರೋ, ಏನು ಸತ್ತು ಬಿದ್ದೈತೋ.

ಆತ್ಮಕೂರು, ವೆಂಕಟಾಪುರ ತನಾ ಚಿಂತಿಲ್ಲ, ಊರು ಸಿಗತಾವ, ದಾಸೋಹ ಇರತಾವ. ನಾಗಲೂಟಿ ಏರು ಹತ್ತಿದ ಮ್ಯಾಲೆ ಪೆದ್ದಚೆರುವು, ಭೀಮನಕೊಳ್ಳ ದಾಟಿ ಕೈಲಾಸ ಬಾಗಿಲು ಮುಟ್ಟೂ ತನಾ ಅಡವಿ. ನೀರಿಗೆ ಕುದಿಸೂದರಷ್ಟು ಖಾತ್ರಿ ಯಾವುದೂ ಇಲ್ಲ, ಬುಡಬುಡ ಕುದಿ ಬಂದ ಮ್ಯಾಲೆ 1 ನಿಮಿಷ ಸಾಕು. ಆದ್ರ ಅದು ಹುಲಿ ಅಡವಿ, ಅದರಾಗ ಬ್ಯಾಸಗಿ, ತಪ್ಪಲಾ ಎಲ್ಲಾ ಒಣಗಿ ಬಿದ್ದಿರತೈತಿ. ಒಲಿ ಹೂಡೂ ಮಾತು ಬಿಟ್ಟ ಬಿಡ್ರಿ. ಕ್ಲೋರಿನ್ ಗುಳಿಗಿ ಒಯ್ಯಿರಿ.

ಗುಳಿಗ್ಯಾಗ 20 ಲೀಟರಿಗೊಂದು ಅನ್ನೂದೂ ಐತಿ, 1 ಲೀಟರಿಗೊಂದು ಅನ್ನೂದೂ ಐತಿ. ನಡಿಯೋರಿಗೆ 1 ಲೀಟರಿಂದ ಬೇಕು. ದೊಡ್ಡದು ಮುರದು ಹಾಕಿದ್ರ ಅಳತಿ ತಪ್ಪತೈತಿ. ಪಟ್ಟಿ ಮ್ಯಾಲಿನ ಅಳತಿ, ತಾರೀಖು ಎರಡೂ ನೋಡ್ರಿ.

ನೀರು ತುಂಬೂದು ಹೆಂಗ ಅಂದ್ರ, ನಿಂತ ಮಡುವಿಗೆ ಬಾಟ್ಲಿ ಅದ್ದಬ್ಯಾಡ್ರಿ. ಉಸುಕು ಇದ್ರ ದಂಡಿಯಿಂದ ಮೂರ್ನಾಕು ಹೆಜ್ಜಿ ಈಚಿಗೆ ವರ್ತಿ, ಅಂದ್ರ ನೀರು ಒಸರೂ ಸಣ್ಣ ತೆಗ್ಗು, ತೋಡ್ರಿ. ಮೊದಲ ಬಂದ ರಾಡಿ ನೀರು ಎರಡು-ಮೂರು ಸಲ ಗೋರಿ ಚೆಲ್ರಿ, ಆಮ್ಯಾಲೆ ತಿಳಿ ಬರತೈತಿ. ಅದನ್ನ ಹಳೇ ಕಾಟನ್ ಸೀರಿ ನಾಕು ಮಡಚಿ ಸೋಸ್ರಿ. ಇಲ್ಲಿ ಅವಸರ ಮಾಡಬ್ಯಾಡ್ರಿ, ಯಾಕಂದ್ರ ರಾಡಿ ಉಳದ್ರ ಕ್ಲೋರಿನ್ ರಾಡಿಗೇ ಖರ್ಚಾಗಿ ಹೋಗತೈತಿ, ಜಂತು ಹಂಗ ಉಳೀತಾವ. ಗುಳಿಗಿ ಕರಗಿದ ಮ್ಯಾಲೆ ಮುಚ್ಚಳ ಚೂರು ಸಡಲ ಮಾಡಿ ಬಾಟ್ಲಿ ವಾಲಸ್ರಿ, ಬಾಯಿ ಸುತ್ತಿನ ಹಸಿ ನೀರಿಗೂ ಔಷಧ ತಾಗಬೇಕು. ಬಿಗಿ ಮಾಡಿ 30 ನಿಮಿಷ ಬಿಡ್ರಿ. ತೆಗದಾಗ ಕ್ಲೋರಿನ್ ವಾಸನಿ ಸಣ್ಣಗ ಬರಬೇಕು. ಬರಲಿಲ್ಲಂದ್ರ ಇನ್ನೊಂದು ಗುಳಿಗಿ, ಮತ್ತ ಅರ್ಧಾ ತಾಸು.

ವಾಸನಿ ಅಂತ ಮೊದಲ ಲಿಂಬಿಹಣ್ಣು ಹಿಂಡೋರು ಬಾಳ ಮಂದಿ. ಲಿಂಬಿಯೊಳಗಿನ ವಿಟಮಿನ್ ಸಿ ಕ್ಲೋರಿನ್ ಕೊಂದ ಬಿಡತೈತಿ. ಲಿಂಬಿ, ಓಆರ್‌ಎಸ್ ಎಲ್ಲಾ ಆ 30 ನಿಮಿಷ ಮುಗದ ಮ್ಯಾಲೆ. ಓಆರ್‌ಎಸ್‌ನ 1 ಲೀಟರಿನ ಪಾಕೀಟು ಪೂರಾ 1 ಲೀಟರಿಗೇ ಕಲಸ್ರಿ, ಗ್ಲಾಸಿಗೆ ಅಂದಾಜಿಲೆ ಸುರುವಬ್ಯಾಡ್ರಿ.

ಇನ್ನ ಕೀಟನಾಶಕ ಎಣ್ಣಿ ಹೊಡದ ಹೊಲದ ಬಾಜೂಕಿನ ಕಾಲವಿ ನೀರು. ಅದಕ್ಕ ಗುಳಿಗಿನೂ ಇಲ್ಲ, ಕುದಿಸಿದ್ರೂ ಇಲ್ಲ. ನಮ್ಮ ಕಡೆ ಡೋಣಿ ಹೊಳಿ ಉಪ್ಪು ನೀರು ಎಷ್ಟ ಕುದಿಸಿದ್ರೂ ಉಪ್ಪು ಹೋಗೂದಿಲ್ಲಲ್ಲ, ವಿಷದ್ದೂ ಅದ ಲೆಕ್ಕ. ಅಂಥಾ ಕಡೆ ಮುಂದಿನ ಊರಿನ ಬೋರ್‌ವೆಲ್ ತನಾ ತಡ್ಕೋಬೇಕು.

ಬಿಸಲಾಗ ನಡದ್ರ ತಾಸಿಗೆ ಅರ್ಧಾದಿಂದ 1 ಲೀಟರ್ ಬೇಕಾಗತೈತಿ. ತಲಿಗೆ 2 ಬಾಟ್ಲಿ ಇರಲಿ ಕಾಕಾರ: ಒಂದರಾಗಿಂದು ಕುಡಿಯೂದ್ರಾಗ ಇನ್ನೊಂದರಾಗಿನ ಗುಳಿಗಿ ತನ್ನ ಕೆಲಸ ಮುಗಸಿರತೈತಿ.